ಕುರ್ಚಿಗೆ ಐದು ವರ್ಷ, ತೊಗರಿಗೆ ಮೂವತ್ತಾರು

2025ರ ಮಾರ್ಚ್ ತಿಂಗಳಲ್ಲಿ ಹೈದರಾಬಾದಿನ ಹೊರವಲಯದ ಪಟಾನ್‌ಚೆರುವಿನಲ್ಲಿ ಒಂದು ಕುರ್ಚಿಗೆ ಹೊಸಬರು ಬಂದರು. ದೆಹಲಿಯಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಹಾನಿರ್ದೇಶಕರಾಗಿದ್ದ ಡಾ. ಹಿಮಾಂಶು ಪಾಠಕ್ ಅಲ್ಲಿಯ ಹುದ್ದೆ ಬಿಟ್ಟು ‘ಇಕ್ರಿಸ್ಯಾಟ್’ನ ಮಹಾನಿರ್ದೇಶಕರಾದರು. ಮರುತಿಂಗಳೇ ಅವರು ತೆರವು ಮಾಡಿದ ದೆಹಲಿಯ ಕುರ್ಚಿಗೆ ಡಾ. ಎಂ.ಎಲ್. ಜಾಟ್ ಹೋಗಿ ಕುಳಿತರು. ಜಾಟ್ ಅದುವರೆಗೆ ಎಲ್ಲಿದ್ದರು? ಪಟಾನ್‌ಚೆರುವಿನ ಅದೇ ಇಕ್ರಿಸ್ಯಾಟ್‌ನಲ್ಲಿ! ಹೆಣ್ಣು ಕೊಟ್ಟು ಹೆಣ್ಣು ತರುವ ಅದಲು-ಬದಲಿನ ಸಂಬಂಧದಂತೆ ಎರಡು ದೊಡ್ಡ ಮನೆಗಳ ನಡುವೆ ಯಜಮಾನಿಕೆ ವಿನಿಮಯವಾಯಿತು.

ಇಂಥ ನೇಮಕದ ಸುದ್ದಿಗಳನ್ನು ಕುತೂಹಲದಿಂದ ಓದುವವರು ಕಡಿಮೆ. ವಿಜ್ಞಾನಿಯೊಬ್ಬರು ಬಂದರು, ಮತ್ತೊಬ್ಬರು ಹೋದರು, ಹಾರ ತುರಾಯಿ ಆಯಿತು, ಅಷ್ಟೇ. ಆದರೆ ಆಳಂದದಲ್ಲೋ ಜೇವರ್ಗಿಯಲ್ಲೋ ತೊಗರಿ ಬಿತ್ತುವ ರೈತನಿಗೂ ಆ ಕುರ್ಚಿಗೂ ಒಂದು ನಂಟಿದೆ. ಅಣ್ಣಿಗೇರಿಯ ಕಡಲೆಗೂ ಪಾವಗಡದ ಶೇಂಗಾಕ್ಕೂ ಇದೆ. ಆ ನಂಟು ಹೇಗಿದೆ ಎಂದು ನೋಡಲು ಹೊರಟರೆ ಒಂದು ವಿಚಿತ್ರ ಲೆಕ್ಕ ಎದುರಾಗುತ್ತದೆ. ಮಹಾನಿರ್ದೇಶಕರ ಒಂದು ಅವಧಿ ಸಾಮಾನ್ಯವಾಗಿ ಐದು ವರ್ಷ. ದಾನಿಗಳು ಒಂದು ಯೋಜನೆಗೆ ಹಣ ಕೊಡುವುದು ಮೂರೋ ನಾಲ್ಕೋ ವರ್ಷಕ್ಕೆ. ಒಂದು ಹೊಸ ತಳಿ ಸಂಕರಣದ ತಾಕಿನಿಂದ ರೈತನ ಕೂರಿಗೆಗೆ ಬರಲು ಹಿಡಿಯುತ್ತಿದ್ದುದು ಹತ್ತರಿಂದ ಹದಿನೈದು ವರ್ಷ. ಕೆಲವೊಮ್ಮೆ ಅದರ ಎರಡು ಪಟ್ಟು. ಹೀಗಾಗಿ ಒಬ್ಬರ ಕಾಲದಲ್ಲಿ ಬಿತ್ತಿದ್ದನ್ನು ಇನ್ನೊಬ್ಬರ ಕಾಲದಲ್ಲಿ ಕೊಯ್ಯುವುದೇ ಅಲ್ಲಿಯ ಕ್ರಮ. ಹೊಸಬರು ಬಂದಾಗ ಅವರು ಹೊಸದಾಗಿ ಏನು ಮಾಡುತ್ತಾರೆ ಎಂದು ಕೇಳುವುದು ವಾಡಿಕೆ. ಅದಕ್ಕಿಂತ ಮುಖ್ಯವಾದದ್ದು, ಹಳೆಯದರಲ್ಲಿ ಯಾವುದನ್ನು ಅವರು ಕೈಬಿಡುವುದಿಲ್ಲ ಎಂಬ ಪ್ರಶ್ನೆ.

ಇಕ್ರಿಸ್ಯಾಟ್ ಎಂದರೆ ಅರೆಶುಷ್ಕ ಉಷ್ಣವಲಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಮಳೆ ಕೈಕೊಡುವ, ಕಾಲುವೆ ನೀರು ಕಾಣದ ನಾಡುಗಳಿಗಾಗಿಯೇ ಹುಟ್ಟಿದ್ದು. 1960ರ ದಶಕದಲ್ಲಿ ಮೆಕ್ಸಿಕೊದ ಗೋಧಿ, ಫಿಲಿಪ್ಪೀನ್ಸ್‌ನ ಭತ್ತ ಹಸಿರು ಕ್ರಾಂತಿ ಮಾಡಿದವಲ್ಲ, ಅದರ ಫಲ ದೊರೆತದ್ದು ನೀರಿದ್ದ ರೈತನಿಗೆ. ಒಣ ಭೂಮಿಯವನು ಹೊರಗೇ ಉಳಿದ. 1971ರಲ್ಲಿ ವಿಶ್ವಬ್ಯಾಂಕ್, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ, ಅಭಿವೃದ್ಧಿ ಕಾರ್ಯಕ್ರಮ, ಫೋರ್ಡ್ ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳು ಸೇರಿ ‘ಸಿಜಿಐಎಆರ್’ ಎಂಬ ಒಕ್ಕೂಟ ಕಟ್ಟಿಕೊಂಡವು. ಅದಾಗಲೇ ಇದ್ದ ನಾಲ್ಕು ಸಂಶೋಧನಾ ಕೇಂದ್ರಗಳನ್ನು ಈ ಒಕ್ಕೂಟ ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. ತಾನೇ ಮುಂದಾಗಿ ಹುಟ್ಟುಹಾಕಿದ ಮೊದಲ ಕೇಂದ್ರ ಇಕ್ರಿಸ್ಯಾಟ್. 1972ರಲ್ಲಿ ಭಾರತ ಸರಕಾರದ ಜತೆ ಒಪ್ಪಂದವಾಯಿತು. ಪಟಾನ್‌ಚೆರುವಿನಲ್ಲಿ 1,394 ಹೆಕ್ಟೇರ್, ಅಂದರೆ 3,400 ಎಕರೆಗೂ ಮಿಕ್ಕಿ ಜಮೀನು ಕೊಟ್ಟರು. ಆ ಜಾಗದ ವಿಶೇಷವೆಂದರೆ ಒಂದೇ ಬೇಲಿಯೊಳಗೆ ಎರೆಮಣ್ಣೂ ಇದೆ, ಕೆಂಪು ಮಣ್ಣೂ ಇದೆ. ವಿಜಯಪುರದ ಹೊಲವೂ ಚಿತ್ರದುರ್ಗದ ಹೊಲವೂ ಒಂದೇ ಆವರಣದಲ್ಲಿದ್ದಂತೆ.

ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ — ಇವು ಅದರ ಪಾಲಿಗೆ ಬಂದ ಬೆಳೆಗಳು. ರಾಗಿ ಬಹಳ ತಡವಾಗಿ ಆ ಸಾಲಿಗೆ ಸೇರಿತು. ಉತ್ತರ ಕರ್ನಾಟಕದ ಯಾವುದೇ ಮನೆಯ ಅಡುಗೆಮನೆ ಹೊಕ್ಕು ಡಬ್ಬಿಗಳ ಮುಚ್ಚಳ ತೆಗೆದರೆ ಈ ಪಟ್ಟಿಯ ಬಹುಭಾಗ ಅಲ್ಲೇ ಸಿಗುತ್ತದೆ.

ಒಂದು ತೊಗರಿಯ ಕಥೆ

ತೊಗರಿ ಹಟಮಾರಿ ಬೆಳೆ. ಜೋಳದಲ್ಲಿ, ಸಜ್ಜೆಯಲ್ಲಿ, ಮುಸುಕಿನ ಜೋಳದಲ್ಲಿ ಹೈಬ್ರಿಡ್ ಬಂದು ಇಳುವರಿ ಜಿಗಿಯಿತು. ಬೇಳೆಕಾಳುಗಳಲ್ಲಿ ಮಾತ್ರ ಅದು ಸಾಧ್ಯವಾಗಿರಲಿಲ್ಲ. ಹೈಬ್ರಿಡ್ ಬೀಜ ಮಾಡಲು ಹೆಣ್ಣು ಸಾಲಿನ ಗಿಡಗಳಲ್ಲಿ ಪರಾಗ ಇರಬಾರದು. ಇದ್ದರೆ ತನ್ನದೇ ಪರಾಗದಿಂದ ಕಾಯಿ ಕಟ್ಟಿಬಿಡುತ್ತದೆ. ತೊಗರಿಯ ಸಣ್ಣ ಹಳದಿ ಹೂವಿನೊಳಗಿನ ಕೇಸರವನ್ನು ಒಂದೊಂದಾಗಿ ಚಿಮಟದಿಂದ ಕಿತ್ತು ಹೈಬ್ರಿಡ್ ಮಾಡಲು ಹೊರಟರೆ ಬೀಜದ ಬೆಲೆ ಬೆಳ್ಳಿಯ ಬೆಲೆಯಾದೀತು.

1974ರಲ್ಲಿ, ಸಂಸ್ಥೆಗೆ ಎರಡೇ ವರ್ಷವಾಗಿದ್ದಾಗ, ಸಂಗ್ರಹದ ಗಿಡಗಳನ್ನು ತಡಕಾಡುತ್ತಿದ್ದ ತಳಿ ವಿಜ್ಞಾನಿಗಳಿಗೆ ಪರಾಗವೇ ಇಲ್ಲದ, ಪಾರದರ್ಶಕ ಕೇಸರಕೋಶದ ಗಿಡಗಳು ಸಿಕ್ಕವು. ಆಗ ಕುರ್ಚಿಯಲ್ಲಿದ್ದವರು ಮೊದಲ ನಿರ್ದೇಶಕ, ಅಮೆರಿಕದ ರಾಲ್ಫ್ ಕಮ್ಮಿಂಗ್ಸ್. ಇವರು ಭಾರತಕ್ಕೆ ಹೊಸಬರೇನಲ್ಲ. ರಾಜ್ಯಗಳಲ್ಲಿ ಕೃಷಿ ವಿಶ್ವವಿದ್ಯಾಲಯಗಳನ್ನು ಹೇಗೆ ಕಟ್ಟಬೇಕೆಂದು 60ರ ದಶಕದ ಆರಂಭದಲ್ಲಿ ಸಲಹೆ ಕೊಟ್ಟ ಸಮಿತಿಗೆ ಅವರೇ ಅಧ್ಯಕ್ಷರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ತಲೆಯೆತ್ತಿದ್ದೂ ಆ ದಶಕದಲ್ಲೇ.

ಗಿಡ ಸಿಕ್ಕಿತು, ಕಥೆ ಮುಗಿಯಲಿಲ್ಲ. ಈ ಬಗೆಯ ನಪುಂಸಕತೆಯಲ್ಲಿ ಒಂದು ತೊಡಕಿತ್ತು. ಹೆಣ್ಣು ಸಾಲಿನಲ್ಲಿ ಬಿತ್ತಿದ ಬೀಜದ ಅರ್ಧದಷ್ಟು ಗಿಡಗಳು ಮತ್ತೆ ಪರಾಗವಿರುವ ಗಿಡಗಳೇ ಆಗುತ್ತಿದ್ದವು. ಹೂ ಬಿಡುವ ಹೊತ್ತಿಗೆ ಒಂದೊಂದೂ ಗಿಡದ ಮೊಗ್ಗು ಬಿಡಿಸಿ ನೋಡಿ, ಪರಾಗ ಇದ್ದವನ್ನು ಕಿತ್ತೆಸೆಯಬೇಕು. ಎಷ್ಟು ಆಳು, ಎಷ್ಟು ಕೂಲಿ! ಆದರೂ ಕೆಲಸ ಬಿಡಲಿಲ್ಲ. 1977ರಲ್ಲಿ ಕಮ್ಮಿಂಗ್ಸ್ ಹೋಗಿ ನ್ಯೂಜಿಲೆಂಡಿನ ಮಣ್ಣು ವಿಜ್ಞಾನಿ ಲೆಸ್ಲಿ ಸ್ವಿಂಡೇಲ್ ಬಂದರು. ಹದಿನಾಲ್ಕು ವರ್ಷ ಇದ್ದರು. ಅವರು ಹೊರಟ 1991ರಲ್ಲೇ ‘ಐಸಿಪಿಎಚ್ 8’ ಬಿಡುಗಡೆಯಾಯಿತು. ಜಗತ್ತಿನ ಯಾವುದೇ ಬೇಳೆಕಾಳಿನಲ್ಲಿ ಬಂದ ಮೊದಲ ಹೈಬ್ರಿಡ್ ಅದು. ಹೊಲದಲ್ಲಿ ಚೆನ್ನಾಗಿಯೇ ಬೆಳೆಯಿತು. ಆದರೆ ಬೀಜ ಮಾಡುವ ಖರ್ಚಿಗೆ ಬೀಜದ ಕಂಪನಿಗಳು ಹಿಂದೆ ಸರಿದವು.

ಇಲ್ಲಿಗೆ ಹದಿನೇಳು ವರ್ಷ. ಯಾವುದೇ ಲೆಕ್ಕಪರಿಶೋಧಕ ಕಡತ ತೆರೆದು ನೋಡಿದ್ದರೆ ‘ಇಷ್ಟು ಕಾಲ, ಇಷ್ಟು ಹಣ, ಮಾರುಕಟ್ಟೆಗೆ ಬಾರದ ಹೈಬ್ರಿಡ್’ ಎಂದು ಷರಾ ಬರೆದು ಮುಚ್ಚಬಹುದಿತ್ತು. ಹೊಸದಾಗಿ ಬಂದ ನಿರ್ದೇಶಕರಿಗೆ ಇದಕ್ಕಿಂತ ಸುಲಭವಾದ ಕಡಿತ ಮತ್ತೊಂದಿರಲಿಲ್ಲ. ಆಸ್ಟ್ರೇಲಿಯಾದ ಜೇಮ್ಸ್ ರಯಾನ್ (1991-97) ಬಂದರು. ವಿಶ್ವಬ್ಯಾಂಕಿನ ಅನುಭವವಿದ್ದ ಶೌಕಿ ಬರ್ಗೂತಿ (1997-99) ಬಂದರು. ಡಾ. ಕೆ.ಬಿ. ಸಕ್ಸೇನಾ ಮತ್ತು ಸಂಗಡಿಗರು ತೊಗರಿಯ ಕಾಡು ನೆಂಟರ ಬೆನ್ನು ಹತ್ತಿದ್ದರು. ಕಾಡುಜಾತಿಯ ಗಿಡವನ್ನು ತಾಯಿಯಾಗಿಟ್ಟು, ನಾಡ ತೊಗರಿಯನ್ನು ತಂದೆಯಾಗಿ ಮತ್ತೆ ಮತ್ತೆ ಸಂಕರಿಸಿದರೆ, ತಾಯಿಯ ಜೀವಕೋಶದ್ರವದಿಂದಲೇ ನಪುಂಸಕತೆ ಇಳಿದು ಬರುತ್ತದೆ. ಆಗ ಸಾಲಿನ ಎಲ್ಲ ಗಿಡಗಳೂ ಪರಾಗವಿಲ್ಲದವೇ. ಒಂದೊಂದು ಕಾಡುಜಾತಿಯನ್ನೂ ಹೀಗೆ ಪರೀಕ್ಷಿಸುತ್ತ ಹೋಗಿ, ಕೊನೆಗೆ ತೊಗರಿಗೆ ತೀರ ಹತ್ತಿರದ ರಕ್ತಸಂಬಂಧಿಯಾದ ‘ಕಜಾನಸ್ ಕಜಾನಿಫೋಲಿಯಸ್’ ಎಂಬ ಗಿಡದಲ್ಲಿ ಸ್ಥಿರವಾದ ಗುಣ ಸಿಕ್ಕಿತು. 2010ರಲ್ಲಿ ‘ಐಸಿಪಿಎಚ್ 2671’ ಮಧ್ಯಪ್ರದೇಶದಲ್ಲಿ ಬಿಡುಗಡೆಯಾಯಿತು. ಆಗ ಕುರ್ಚಿಯಲ್ಲಿದ್ದವರು ಫಿಲಿಪ್ಪೀನ್ಸ್‌ನ ವಿಲಿಯಂ ದಾರ್.

ಮೂವತ್ತಾರು ವರ್ಷ, ಐವರು ಮಹಾನಿರ್ದೇಶಕರು. ಐವರಲ್ಲಿ ಯಾವ ಒಬ್ಬರು ‘ಸಾಕು’ ಎಂದಿದ್ದರೂ ಅದು ಅಲ್ಲಿಗೇ ನಿಲ್ಲುತ್ತಿತ್ತು.

ಇಷ್ಟು ಹೇಳಿ ಇದನ್ನು ವಿಜಯದ ಕಥೆ ಮಾಡಿಬಿಟ್ಟರೆ ಅರ್ಧಸತ್ಯವಾದೀತು. ಹೈಬ್ರಿಡ್ ತೊಗರಿ ಹೈಬ್ರಿಡ್ ಜೋಳದಂತೆ ಹಬ್ಬಲಿಲ್ಲ. ಬೀಜೋತ್ಪಾದನೆಯ ತಾಕಿಗೆ ಸಾಕಷ್ಟು ಜೇನುನೊಣ ಬೇಕು, ಸುತ್ತ ಬೇರೆ ತೊಗರಿ ಇರಬಾರದು. ತೊಗರಿಯೇ ತೊಗರಿ ಇರುವ ಸೀಮೆಯಲ್ಲಿ ಈ ಎರಡನೆಯದು ಹೇಳಿದಷ್ಟು ಸುಲಭವಲ್ಲ. ರೈತ ಪ್ರತಿವರ್ಷ ಬೀಜ ಕೊಳ್ಳಬೇಕು. ಕಲಬುರಗಿಯ ಕರಿನೆಲ ಈಗಲೂ ಮುಖ್ಯವಾಗಿ ಸಾಮಾನ್ಯ ತಳಿಗಳ ನೆಲೆಯೇ.

ಆ ಸಾಮಾನ್ಯ ತಳಿಗಳ ಕಥೆ ಇನ್ನೊಂದಿದೆ. ಇಕ್ರಿಸ್ಯಾಟ್‌ನಲ್ಲಿ ಬೇಕೆಂದೇ ರೋಗ ಹಚ್ಚಿದ ಹೊಲಗಳಿವೆ. ಸೊರಗು ರೋಗದ ಶಿಲೀಂಧ್ರವನ್ನು ಆ ಮಣ್ಣಿನಲ್ಲಿ ಸಾಕಿ, ಅಲ್ಲಿ ಸಾವಿರಾರು ತಳಿ ಬಿತ್ತಿ, ಸಾಯದೆ ಉಳಿದದ್ದನ್ನು ಆರಿಸುತ್ತಾರೆ. ಹಾಗೆ ಉಳಿದ ಒಂದು ನಾಟಿ ತಳಿಯ ಆಯ್ಕೆ 1986ರಲ್ಲಿ ಕರ್ನಾಟಕದಲ್ಲಿ ‘ಮಾರುತಿ’ ಎಂಬ ಹೆಸರಿನಿಂದ ಬಿಡುಗಡೆಯಾಯಿತು. ‘ನೆಟೆ ಹೋಯಿತು’ ಎಂದು ಹಣೆ ಬಡಿದುಕೊಳ್ಳುತ್ತಿದ್ದ ಕಲಬುರಗಿ, ಬೀದರ್ ಕಡೆಯ ರೈತರಿಗೆ ಅದು ದೊಡ್ಡ ಆಸರೆಯಾಯಿತು. ಗೊಡ್ಡು ರೋಗಕ್ಕೆ ಮಾತ್ರ ಅದರಲ್ಲಿ ತಡೆ ಇರಲಿಲ್ಲ. ಮುಂದೆ ಕೃಷಿ ವಿಶ್ವವಿದ್ಯಾಲಯಗಳ ಬೇರೆ ತಳಿಗಳು ಬಂದವು. 2022ರ ಹಂಗಾಮಿನಲ್ಲಿ ಕಲಬುರಗಿ ಸೀಮೆಯಲ್ಲಿ ನೆಟೆ ರೋಗ ಮತ್ತೆ ಹೊಲಹೊಲಗಳನ್ನೇ ಒಣಗಿಸಿತು. ರೋಗದ ಹೊಲವನ್ನು ನಿತ್ಯ ಸಾಕಿಕೊಂಡು ಬರುವ ಕೆಲಸ, ಯಾರಿಗೂ ಹೆಸರು ತಂದುಕೊಡದ ಕೆಲಸ, ಏಕೆ ನಿಲ್ಲಬಾರದೆಂಬುದಕ್ಕೆ ಅಂಥ ವರ್ಷವೇ ಸಾಕ್ಷಿ.

ಬಂದವರ ಒಲವು

ಯಾವ ಸಂಸ್ಥೆಯಲ್ಲೂ ಯಜಮಾನನ ಒಲವು ಕೆಳಗಿನವರೆಗೂ ಇಳಿಯುತ್ತದೆ. ಸ್ವಿಂಡೇಲ್ ಮಣ್ಣಿನ ಮನುಷ್ಯ. ಅವರ ಕಾಲದಲ್ಲಿ ಎರೆಭೂಮಿಯ ಮೇಲೆ ಬಹಳ ಕೆಲಸ ನಡೆಯಿತು. ಮಳೆಗಾಲದಲ್ಲಿ ಎರೆಹೊಲ ಬಿಟ್ಟು ಹಿಂಗಾರಿಗೆ ಮಾತ್ರ ಬಿತ್ತುವ ವಾಡಿಕೆ ನಮ್ಮಲ್ಲೂ ಇದೆಯಲ್ಲ. ಅಗಲವಾದ ಏರುಮಡಿ ಮಾಡಿ, ಪಕ್ಕದ ಸಾಲಿನಲ್ಲಿ ಹೆಚ್ಚಿನ ನೀರು ಹರಿಸಿದರೆ ಎರಡೂ ಹಂಗಾಮಿನ ಬೆಳೆ ತೆಗೆಯಬಹುದೆಂದು ಅಲ್ಲಿ ತೋರಿಸಿದರು. ಅದಕ್ಕೆಂದು ಎತ್ತು ಎಳೆಯುವ, ಗಾಲಿ ಇರುವ, ಉಳುವುದರಿಂದ ಬಿತ್ತುವವರೆಗೆ ಎಲ್ಲಕ್ಕೂ ಒದಗುವ ‘ಟ್ರಾಪಿಕಲ್ಟರ್’ ಎಂಬ ಸಲಕರಣೆ. ಸಂಸ್ಥೆಯ ಹೊಲದಲ್ಲಿ ಅದು ಅಚ್ಚುಕಟ್ಟಾಗಿ ಓಡಿತು. ಹಳ್ಳಿಗಳಲ್ಲಿ ಓಡಲಿಲ್ಲ. ಒಂದು ಜೋಡಿ ಎತ್ತಿನ ರೈತನಿಗೆ ಅದು ದುಬಾರಿ. ಕಮ್ಮಾರ ಕುಲುಮೆಯಲ್ಲಿ ರಿಪೇರಿಯಾಗುವಂಥದ್ದೂ ಅಲ್ಲ. ಏರುಮಡಿಯ ವಿಚಾರ ಮಾತ್ರ ಸಾಯಲಿಲ್ಲ. ಎಷ್ಟೋ ವರ್ಷದ ಮೇಲೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಮಹಾರಾಷ್ಟ್ರ, ಮಧ್ಯಪ್ರದೇಶದ ಸೋಯಾ ಹೊಲಗಳಿಗೆ ಬಂತು.

ಇದೇ ಸಂಸ್ಥೆ ಮಾಡಿದ ಇನ್ನೊಂದು ಕೆಲಸ ಸಲಕರಣೆಯದ್ದಲ್ಲ, ಬರೀ ಕಾಗದದ್ದು. 1975ರಲ್ಲಿ ಆಂಧ್ರದ ಮಹಬೂಬ್‌ನಗರ, ಮಹಾರಾಷ್ಟ್ರದ ಸೊಲ್ಲಾಪುರ ಮತ್ತು ಅಕೋಲಾ ಜಿಲ್ಲೆಗಳಲ್ಲಿ ಆರು ಹಳ್ಳಿ ಆರಿಸಿದರು. ಹಳ್ಳಿಗೆ 40 ಮನೆ: 30 ಜಮೀನಿದ್ದವರು, 10 ಭೂಹೀನ ಕೂಲಿಗಳು. ಒಬ್ಬೊಬ್ಬ ತನಿಖೆದಾರ ಆಯಾ ಹಳ್ಳಿಯಲ್ಲೇ ವಾಸವಿದ್ದು, ಮೂರು ನಾಲ್ಕು ವಾರಕ್ಕೊಮ್ಮೆ ಪ್ರತಿ ಮನೆಗೂ ಹೋಗಿ ಏನು ಬಿತ್ತಿದಿರಿ, ಏನು ಮಾರಿದಿರಿ, ಏನು ಉಂಡಿರಿ, ಯಾರ ಹತ್ತಿರ ಸಾಲ ತಂದಿರಿ, ಮದುವೆಗೆ ಎಷ್ಟಾಯಿತು ಎಂದು ಬರೆದುಕೊಳ್ಳಬೇಕು. ಹೀಗೆ ಹತ್ತು ವರ್ಷ. ಇದನ್ನು ಆರಂಭಿಸಿದ ಅರ್ಥಶಾಸ್ತ್ರಜ್ಞರಲ್ಲಿ ಜೇಮ್ಸ್ ರಯಾನ್ ಒಬ್ಬರು, ಮುಂದೆ ಮಹಾನಿರ್ದೇಶಕರಾದ ಅದೇ ರಯಾನ್. ಹನ್ಸ್ ಬಿನ್ಸ್‌ವಾಂಗರ್, ಎನ್.ಎಸ್. ಜೋಧಾ ಅವರ ಜತೆಗಾರರು.

ಬಡವ ಹೊಸ ಬೀಜಕ್ಕೆ ಕೈ ಹಾಕಲು ಏಕೆ ಅಂಜುತ್ತಾನೆ? ಒಂದು ವರ್ಷ ಬೆಳೆ ಹೋದರೆ ಯಾರು ಯಾರಿಗೆ ಆಗುತ್ತಾರೆ? ಇಂಥ ಪ್ರಶ್ನೆಗಳಿಗೆ ಊಹೆಯಲ್ಲದ ಉತ್ತರ ಆ ಕಾಗದಗಳಲ್ಲಿತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಟೌನ್ಸೆಂಡ್ 1994ರಲ್ಲಿ ಬರೆದ, ಹಳ್ಳಿಗರು ಕಷ್ಟವನ್ನು ತಮ್ಮೊಳಗೇ ಹೇಗೆ ಹಂಚಿಕೊಳ್ಳುತ್ತಾರೆಂಬ ಪ್ರಸಿದ್ಧ ಲೇಖನಕ್ಕೆ ಆಧಾರವಾದದ್ದು ಇವುಗಳಲ್ಲಿ ಮೂರು ಹಳ್ಳಿ: ಔರೇಪಲ್ಲಿ, ಶಿರಾಪುರ, ಕಂಜಾರ. ವಿಶ್ವವಿದ್ಯಾಲಯಗಳಲ್ಲಿ ಆ ಹೆಸರುಗಳನ್ನು ಕೇಳಿದವರಲ್ಲಿ ಎಷ್ಟು ಜನ ಆ ಊರುಗಳ ಧೂಳು ತುಳಿದಿದ್ದರೋ!

ಆದರೆ ಬೆಳೆದ ಕೀರ್ತಿಗೂ ನಡೆದ ಕೆಲಸಕ್ಕೂ ತಾಳೆ ಇರಲಿಲ್ಲ. 80ರ ದಶಕದ ನಡುವೆ ಮನೆಮನೆಯ ಲೆಕ್ಕ ನಿಂತುಹೋಯಿತು. ಶುರುಮಾಡಿದವರೇ 1991ರಲ್ಲಿ ಯಜಮಾನರಾಗಿ ಬಂದಾಗಲೂ ಅದು ಹಳೆಯ ರೂಪದಲ್ಲಿ ಮತ್ತೆ ಕುದುರಿಕೊಳ್ಳಲಿಲ್ಲ, ಏಕೆಂದರೆ ಖಜಾನೆಯ ಸ್ಥಿತಿ ಬೇರೆಯಾಗಿತ್ತು. ಮುಂದುವರಿದದ್ದು 2001ರಲ್ಲಿ. ಆಗ ಹಳೆಯ ಮನೆಗಳನ್ನು ಹುಡುಕಿಕೊಂಡು ಹೋಗಬೇಕಾಯಿತು. ಕೆಲವು ಒಡೆದು ಮೂರು ಮನೆಯಾಗಿದ್ದವು, ಕೆಲವು ಊರೇ ಬಿಟ್ಟಿದ್ದವು. 2009ರ ನಂತರ ಗೇಟ್ಸ್ ಪ್ರತಿಷ್ಠಾನದ ಹಣದಿಂದ ಅದು ಬೆಳೆದು ಕರ್ನಾಟಕಕ್ಕೂ ಬಂತು: ವಿಜಯಪುರ ಜಿಲ್ಲೆಯ ಎರಡು, ತುಮಕೂರು ಜಿಲ್ಲೆಯ ಎರಡು ಹಳ್ಳಿ. ಇಂಡಿ ಕಡೆಯ ಕಪನಿಂಬರಗಿಯ, ಮಧುಗಿರಿ ಕಡೆಯ ಬೆಲ್ಲದಮಡುಗುವಿನ ಸಂಸಾರಗಳ ಲೆಕ್ಕ ಹೈದರಾಬಾದಿನ ಕಂಪ್ಯೂಟರಿನಲ್ಲಿ ಸೇರಿತು. ಆದರೆ ನಡುವಿನ ಆ ಹದಿನೈದು ಹದಿನಾರು ವರ್ಷದ ಖಾಲಿ ಪುಟಗಳನ್ನು ಈಗ ಯಾವ ಹಣದಿಂದಲೂ ತುಂಬಲಾಗದು. ಭಾರತದ ಆರ್ಥಿಕ ನೀತಿ ಮಗ್ಗುಲು ಬದಲಿಸಿದ ವರ್ಷಗಳೂ ಅವೇ.

ಬರಗಾಲ, ಆಮೇಲೆ ಒಂದು ಮಳೆ

90ರ ದಶಕದ ಆರಂಭದಲ್ಲಿ ಇಡೀ ಒಕ್ಕೂಟಕ್ಕೇ ಹಣದ ಬರ ಬಂತು. ಶ್ರೀಮಂತ ದೇಶಗಳಿಗೆ ಹಸಿವಿನ ಭಯ ಹೋಗಿತ್ತು, ಗೋದಾಮು ತುಂಬಿದ್ದವು, ಕೃಷಿ ಸಂಶೋಧನೆಗೆ ಕೊಡುವುದು ಹಳೆಯ ಫ್ಯಾಷನ್ ಎನಿಸಿತ್ತು. 1994ರಲ್ಲಿ ಒಕ್ಕೂಟದ ಅಧ್ಯಕ್ಷತೆಗೆ ಬಂದ ವಿಶ್ವಬ್ಯಾಂಕಿನ ಇಸ್ಮಾಯಿಲ್ ಸೆರಗೆಲ್ದಿನ್ ಊರೂರು ಅಲೆದು ದಾನಿಗಳನ್ನು ಹಿಡಿದಿಟ್ಟರು. 1995ರ ಫೆಬ್ರುವರಿಯಲ್ಲಿ ಸ್ವಿಟ್ಜರ್ಲೆಂಡಿನ ಲ್ಯೂಸರ್ನ್‌ನಲ್ಲಿ ಮಂತ್ರಿಗಳನ್ನೇ ಸೇರಿಸಿ ಸಭೆ ಮಾಡಿದರು. ಒಕ್ಕೂಟ ಉಳಿಯಿತು. ಆದರೆ ಹಣದ ಗುಣ ಬದಲಾಗುತ್ತ ಹೋಯಿತು. ಮೊದಲು ‘ಇಷ್ಟು ತಗೊಳ್ಳಿ, ಒಳ್ಳೆಯ ಕೆಲಸ ಮಾಡಿ’ ಎಂದು ಕೊಡುತ್ತಿದ್ದವರು ಬರುಬರುತ್ತ ‘ಈ ಯೋಜನೆಗೆ, ಈ ದೇಶದಲ್ಲಿ, ಇಷ್ಟು ವರ್ಷದೊಳಗೆ’ ಎಂದು ಕಟ್ಟಿ ಕೊಡತೊಡಗಿದರು. ಪಟಾನ್‌ಚೆರುವಿನಲ್ಲಿ ಸಿಬ್ಬಂದಿ ಕಡಿತವಾಯಿತು.

2000ದಲ್ಲಿ ಬಂದ ವಿಲಿಯಂ ದಾರ್ ಕೈಗೆ ಸಿಕ್ಕಿದ್ದು ಈ ಮನೆ. ತಮ್ಮ ದೇಶದಲ್ಲಿ ಕೃಷಿ ಖಾತೆ ನಡೆಸಿ ಬಂದಿದ್ದ ಅವರಿಗೆ ಸರಕಾರಗಳ ಜತೆ ಮಾತಾಡುವ ಭಾಷೆ ಗೊತ್ತಿತ್ತು. ಹದಿನೈದು ವರ್ಷ, ಐದೈದರ ಮೂರು ಅವಧಿ ಇದ್ದರು. ಖಾಸಗಿ ಬೀಜ ಕಂಪನಿಗಳಿಂದ ಹಣ ಕಟ್ಟಿಸಿಕೊಂಡು ಹೈಬ್ರಿಡ್‌ಗಳ ತಂದೆ-ತಾಯಿ ಸಾಲುಗಳನ್ನು ಹಂಚುವ ಕೂಟ ಕಟ್ಟಿದರು. ರಾಜ್ಯ ಸರಕಾರಗಳನ್ನೂ ಗಿರಾಕಿಗಳನ್ನಾಗಿ ಮಾಡಿಕೊಂಡರು. ನಮ್ಮ ‘ಭೂಚೇತನ’ ಹುಟ್ಟಿದ್ದು ಹಾಗೆ. 2009ರಲ್ಲಿ ಧಾರವಾಡ, ಹಾವೇರಿ, ಚಿತ್ರದುರ್ಗ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಶುರುವಾಗಿ ರಾಜ್ಯದ ತುಂಬ ಹಬ್ಬಿತು. ಹಳ್ಳಿಹಳ್ಳಿಯ ಮಣ್ಣು ತಂದು ಪರೀಕ್ಷಿಸಿದಾಗ ಕಂಡದ್ದು, ಸಾರಜನಕ ರಂಜಕಗಳಷ್ಟೇ ಅಲ್ಲ, ಸತು, ಬೋರಾನ್, ಗಂಧಕಗಳೂ ಬರಿದಾಗಿವೆ ಎಂಬುದು. ಊರ ಗೋಡೆಯ ಮೇಲೆ ಆ ಊರ ಮಣ್ಣಿನ ಜಾತಕ ಬರೆಸಿದರು. ‘ಅನುವುಗಾರ’ ಎಂಬ ಒಳ್ಳೆಯ ಕನ್ನಡ ಹೆಸರಿನ ರೈತ ಕಾರ್ಯಕರ್ತರು ಜಿಪ್ಸಂ, ಜಿಂಕ್ ಸಲ್ಫೇಟ್ ಚೀಲಗಳನ್ನು ರಿಯಾಯಿತಿಯಲ್ಲಿ ಕೊಡಿಸಿದರು.

ಇದರ ಬಗ್ಗೆ ವಿಜ್ಞಾನಿಗಳಲ್ಲೇ ಎರಡು ಮಾತಿತ್ತು. ಹೊಸ ಜ್ಞಾನ ಹುಟ್ಟಿಸಬೇಕಾದ ಅಂತರರಾಷ್ಟ್ರೀಯ ಸಂಸ್ಥೆ ಕೃಷಿ ಇಲಾಖೆಯ ಕೆಲಸ ಮಾಡುತ್ತ ಕೂತರೆ ಹೇಗೆ ಎಂದು ಕೆಲವರು. ರೈತನ ಹೊಲ ತಲುಪದ ಜ್ಞಾನ ಯಾರಿಗೆ ಬೇಕು ಎಂದು ಇನ್ನು ಕೆಲವರು. ಎರಡನೆಯ ಮಾತಿಗೆ ಚಪ್ಪಾಳೆ ಸುಲಭವಾಗಿ ಬೀಳುತ್ತದೆ. ಆದರೆ ಮೊದಲನೆಯದನ್ನು ತಳ್ಳಿಹಾಕುವಂತಿಲ್ಲ. ಗಂಧಕದ ಕೊರತೆಯನ್ನು ಕೃಷಿ ಇಲಾಖೆ ಮನಸ್ಸು ಮಾಡಿದರೆ ತಾನೇ ಕಂಡುಹಿಡಿಯಬಲ್ಲದು. ಮೂವತ್ತಾರು ವರ್ಷ ತೊಗರಿಯ ಬೆನ್ನು ಹತ್ತುವುದು ಇಲಾಖೆಯಿಂದ ಆಗುವ ಮಾತಲ್ಲ.

ಯಾರ ಕಾಲದಲ್ಲೂ ಮುಟ್ಟಬಾರದ ಕೋಣೆ ಒಂದಿದೆ. ಅದು ಬೀಜದ ಭಂಡಾರ. 144 ದೇಶಗಳಿಂದ ಬಂದ ಲಕ್ಷಕ್ಕೂ ಹೆಚ್ಚು ಮಾದರಿಗಳು ಅಲ್ಲಿವೆ. ಬಳಕೆಗೆ ಬೇಕಾದವು 4 ಡಿಗ್ರಿ ತಂಪಿನಲ್ಲಿ, ದೀರ್ಘಕಾಲಕ್ಕೆ ಇಡುವಂಥವು ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಇಟ್ಟು ಮರೆಯುವಂತಿಲ್ಲ; ಮೊಳಕೆಯ ಶಕ್ತಿ ಕುಂದಿದಾಗ ಮತ್ತೆ ಬಿತ್ತಿ ಬೆಳೆದು ಹೊಸ ಬೀಜ ತುಂಬಬೇಕು. ಬೋಟ್ಸ್ವಾನ, ಕ್ಯಾಮರೂನ್‌ನಂಥ ದೇಶಗಳು ತಮ್ಮಲ್ಲೇ ಕಳೆದುಹೋದ ಜೋಳದ ತಳಿಗಳನ್ನು ಇಲ್ಲಿಂದ ಮರಳಿ ಪಡೆದಿವೆ. 1994ರ ಅಕ್ಟೋಬರಿನಲ್ಲಿ ಒಕ್ಕೂಟದ ಕೇಂದ್ರಗಳೆಲ್ಲ ತಮ್ಮ ಸಂಗ್ರಹಗಳನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಆಶ್ರಯದಲ್ಲಿ ಜಗತ್ತಿನ ಪರವಾಗಿ ನಂಬಿಕೆಯ ಆಸ್ತಿಯೆಂದು ಬರೆದುಕೊಟ್ಟವು. ಹಣದ ಬರ ತೀವ್ರವಾಗಿದ್ದ ಹೊತ್ತಿನಲ್ಲೇ ಈ ಕಾಗದಕ್ಕೆ ಸಹಿ ಬಿದ್ದದ್ದು ಪುಣ್ಯ. ಕೈ ಬರಿದಾದಾಗ ಮನೆಯ ಯಜಮಾನ ಬಂಗಾರದ ಪೆಟ್ಟಿಗೆಯ ಕಡೆ ನೋಡುವುದು ಲೋಕರೂಢಿ.

ದಾರ್ ನಂತರ ಕುರ್ಚಿ ಬೇಗ ಬೇಗ ತಿರುಗಿತು. 2015ರಲ್ಲಿ ಗೇಟ್ಸ್ ಪ್ರತಿಷ್ಠಾನದಿಂದ ಬಂದ ಕೆನಡಾದ ಡೇವಿಡ್ ಬರ್ಗ್‌ವಿನ್ಸನ್, ಆಮೇಲೆ ಅಲ್ಪಕಾಲ ಆಸ್ಟ್ರೇಲಿಯಾದ ಪೀಟರ್ ಕಾರ್ಬೆರಿ, 2020ರಲ್ಲಿ ಜ್ಯಾಕ್ವೆಲಿನ್ ಹ್ಯೂಸ್. ಅಲ್ಲಿಯ ಮೊದಲ ಮಹಿಳಾ ಮಹಾನಿರ್ದೇಶಕಿಯಾದ ಹ್ಯೂಸ್ ಅಧಿಕಾರ ವಹಿಸಿಕೊಂಡದ್ದು ಕೊರೋನಾ ಬಂದು ದೇಶವೇ ಬಾಗಿಲು ಹಾಕಿದ್ದ ಏಪ್ರಿಲ್ ತಿಂಗಳಲ್ಲಿ. ಅದೇ ಹೊತ್ತಿಗೆ ಒಕ್ಕೂಟದಲ್ಲಿ ದೊಡ್ಡ ಚರ್ಚೆ ಎದ್ದಿತ್ತು. ಬೇರೆ ಬೇರೆ ಮಂಡಳಿ, ಬೇರೆ ಬೇರೆ ನಿರ್ದೇಶಕರು ಬೇಡ. ಎಲ್ಲ ಕೇಂದ್ರಗಳೂ ಒಂದೇ ಆಡಳಿತದಡಿ ಬರಲಿ ಎಂಬ ‘ಒನ್ ಸಿಜಿಐಎಆರ್’ ಪ್ರಸ್ತಾಪ. ಹೆಚ್ಚಿನ ಕೇಂದ್ರಗಳು ಒಪ್ಪಿದವು. ಇಕ್ರಿಸ್ಯಾಟ್ ಪೂರ್ತಿ ಬೆರೆಯದೆ ತನ್ನ ಪ್ರತ್ಯೇಕ ಮಂಡಳಿಯನ್ನು ಉಳಿಸಿಕೊಂಡಿತು. ಮನೆ ಒಂದಾದರೆ ಖರ್ಚು ಉಳಿಯುತ್ತದೆ ನಿಜ, ಆದರೆ ಯಾವ ಬೆಳೆಗೆ ಎಷ್ಟು ಎಂಬ ತೀರ್ಮಾನ ಪಟಾನ್‌ಚೆರುವಿನಿಂದ ದೂರ ಹೋಗುತ್ತದೆ. ಗೋಧಿ, ಭತ್ತ, ಮೆಕ್ಕೆಜೋಳದ ಪಕ್ಕದಲ್ಲಿ ಕೂತ ಸಜ್ಜೆ, ತೊಗರಿಗೆ ಬಡಿಸುವವರು ಯಾರು?

ಆ ಮಂಡಳಿಯಲ್ಲಿ ಆತಿಥೇಯ ದೇಶದ ಪರವಾಗಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಹಾನಿರ್ದೇಶಕರಿಗೂ ಒಂದು ಸ್ಥಾನವಿದೆ. ಅಂದರೆ ಹಿಮಾಂಶು ಪಾಠಕ್ ಯಜಮಾನರಾಗಿ ಬರುವ ಮೊದಲು ಮೇಜಿನ ಆಚೆ ಬದಿಯಲ್ಲಿ ಕೂತು ಪ್ರಶ್ನೆ ಕೇಳುವ ಜಾಗದಲ್ಲಿದ್ದವರು. ಅವರು ಬಂದ 2025ರಲ್ಲೇ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ಒಕ್ಕೂಟದ ದೊಡ್ಡ ದಾನಿಗಳಲ್ಲಿ ಅದೂ ಒಂದಾಗಿತ್ತು. ಇಕ್ರಿಸ್ಯಾಟ್‌ನ ಇನ್ನೊಂದು ದೊಡ್ಡ ನೆಲೆ ಪಶ್ಚಿಮ ಆಫ್ರಿಕದ ನೈಜರ್‌ನಲ್ಲಿದೆ. ಅಲ್ಲಿ 2023ರ ಜುಲೈನಲ್ಲಿ ಸೇನೆ ಅಧಿಕಾರ ಹಿಡಿಯಿತು. ಹೊಸಬರ ಮೇಜಿನ ಮೇಲೆ ಹಾರ ತುರಾಯಿಯ ಜತೆ ಇವೂ ಇದ್ದವು.

ದಿಲ್ಲಿಯಿಂದ ಬಂದವರು ಎಂಬುದೇ ಬಲವೂ ಹೌದು, ತೊಡಕೂ ಆಗಬಹುದು. ಪಾಶ್ಚಾತ್ಯ ಹಣ ಬತ್ತುವ ಕಾಲಕ್ಕೆ ಭಾರತ ಸರಕಾರದ ಕದ ತಟ್ಟಬಲ್ಲವರು ಬೇಕು. ಹಾಗೆಂದು ಸಂಸ್ಥೆ ದೆಹಲಿಯ ಇನ್ನೊಂದು ಶಾಖೆಯಂತಾದರೆ ನೈಜರ್‌ನ, ಮಾಲಿಯ ಸಜ್ಜೆ ರೈತನ ಪಾಲೇನು ಎಂಬ ಪ್ರಶ್ನೆ ಏಳದೆ ಇರದು. ತಳಿಯ ಮಟ್ಟದಲ್ಲಿ ನೋಡಿದರೆ ಎರಡು ಮನೆಗಳ ನಡುವಿನ ಕೊಡು-ಕೊಳ್ಳುವಿಕೆ ಹಳೆಯದೇ. ಗದಗ, ಧಾರವಾಡ, ವಿಜಯಪುರದ ಎರೆಹೊಲಗಳಿಗೆ ಬಂದ ‘ಜೆಜಿ 11’ ಕಡಲೆ ಇಕ್ರಿಸ್ಯಾಟ್‌ನ ಸಾಲಿನಿಂದ ಜಬಲ್ಪುರದ ಕೃಷಿ ವಿಶ್ವವಿದ್ಯಾಲಯ 1999ರಲ್ಲಿ ಹೊರತಂದದ್ದು. ಅದಕ್ಕೂ ಮೊದಲು ಆ ಸೀಮೆಯನ್ನು ಆಳಿದ್ದು ನಮ್ಮದೇ ‘ಅಣ್ಣಿಗೇರಿ 1’. ಸೊರಗು ರೋಗಕ್ಕೆ ಸೋಲುತ್ತಿದ್ದ ಆ ಹಳೆಯ ಅಣ್ಣಿಗೇರಿಗೆ ರೋಗ ತಡೆಯುವ ಗುಣವಷ್ಟನ್ನೇ ಸೇರಿಸಿ, ರಾಯಚೂರು ಕೃಷಿ ವಿಶ್ವವಿದ್ಯಾಲಯದವರೂ ಇಕ್ರಿಸ್ಯಾಟ್‌ನವರೂ ಕೂಡಿ ‘ಸೂಪರ್ ಅಣ್ಣಿಗೇರಿ’ ಮಾಡಿದರು. ಶೇಂಗಾದ ಮಾತು ಬೇರೆ. 1940ರ ‘ಟಿಎಂವಿ 2’ ತಳಿಯನ್ನು ಚಳ್ಳಕೆರೆ, ಪಾವಗಡದ ರೈತ ಇನ್ನೂ ಬಿಟ್ಟಿಲ್ಲ. ಎಷ್ಟು ಒಳ್ಳೆಯ ಹೊಸ ತಳಿ ಬಂದರೂ ಎಕರೆಗೆ ಮೂಟೆಗಟ್ಟಲೆ ಬೇಕಾಗುವ ಶೇಂಗಾ ಬೀಜವನ್ನು ಬೆಳೆದು ಒದಗಿಸುವವರಿಲ್ಲದಿದ್ದರೆ ಅದು ಕಡತದಲ್ಲೇ ಉಳಿಯುತ್ತದೆ.

ಪಾಠಕ್ ಬಂದ ಎರಡು ತಿಂಗಳಿಗೆ, 2025ರ ಮೇ ತಿಂಗಳಲ್ಲಿ, ಪಟಾನ್‌ಚೆರುವಿನಿಂದ ಒಂದು ತೊಗರಿಯ ಸುದ್ದಿ ಹೊರಬಿತ್ತು. ‘ಐಸಿಪಿವಿ 25444’ ಅದರ ಸಂಖ್ಯೆ. 45 ಡಿಗ್ರಿಯ ಬಿಸಿಲು ತಡೆದುಕೊಂಡು ಬೇಸಿಗೆಯಲ್ಲೂ ಕಾಯಿ ಕಟ್ಟುತ್ತದೆ, 125 ದಿನದಲ್ಲಿ ಕೊಯ್ಲಿಗೆ ಬರುತ್ತದೆ ಎಂದು ಪ್ರಕಟಿಸಿದರು. ಬೆಳಕು, ಶಾಖ, ತೇವವನ್ನು ಹಿಡಿತದಲ್ಲಿಟ್ಟ ಕೋಣೆಗಳಲ್ಲಿ ವರ್ಷಕ್ಕೆ ನಾಲ್ಕು ತಲೆಮಾರು ಬೆಳೆಸಿ, ಹದಿನೈದು ವರ್ಷದ ಕೆಲಸವನ್ನು ಐದು ವರ್ಷಕ್ಕೆ ಇಳಿಸಿದ್ದೇವೆ ಎಂಬುದು ಸಂಸ್ಥೆಯ ಮಾತು. ಐದು ವರ್ಷವೆಂದರೆ ಸರಿಯಾಗಿ ಕುರ್ಚಿಯ ಒಂದು ಅವಧಿ. ಆದರೂ ಈ ತೊಗರಿಯನ್ನು ಬೆಳೆಸಿದ್ದು ಹಿಂದಿನವರ ಕಾಲದಲ್ಲಿ, ಲೋಕಕ್ಕೆ ತೋರಿಸಿದ್ದು ಹೊಸಬರ ಕಾಲದಲ್ಲಿ. ಕರ್ನಾಟಕ, ಒಡಿಶಾ, ತೆಲಂಗಾಣಗಳ ಹೊಲಗಳಲ್ಲಿ ಅದರ ಬೇಸಿಗೆ ಪ್ರಯೋಗ ನಡೆದಿತ್ತು. ಹೆಕ್ಟೇರಿಗೆ 20 ಕ್ವಿಂಟಲ್‌ನಷ್ಟು ಇಳುವರಿ ಬಂದದ್ದಾಗಿ ವರದಿಯಾಯಿತು. ಕೋಣೆಯೊಳಗೆ ಉಳಿಸಿದ ವರ್ಷಗಳು ಹೊರಗೆ ಉಳಿಯುವುದಿಲ್ಲ. ಹಲವು ಊರುಗಳಲ್ಲಿ, ಹಲವು ಹಂಗಾಮುಗಳಲ್ಲಿ ಬಿತ್ತಿ ನೋಡಬೇಕು, ನೆಟೆ ರೋಗದ ಮುಂದೆ, ಕಾಯಿಕೊರಕದ ಮುಂದೆ ನಿಲ್ಲಿಸಿ ನೋಡಬೇಕು, ಆಮೇಲೆ ಬೀಜ ಹೆಚ್ಚಿಸಬೇಕು. ಅಷ್ಟರ ಮೇಲೆ, ಬೇಸಿಗೆಯಲ್ಲಿ ತೊಗರಿ ಹಾಕಿದ ಒಂಟಿ ಹೊಲಕ್ಕೆ ಊರ ದನ ನುಗ್ಗದಂತೆ ಕಾಯುವವರು ಯಾರು ಎಂಬುದನ್ನು ಕಲಬುರಗಿಯ ರೈತ ಕೇಳಿಯೇ ಕೇಳುತ್ತಾನೆ.